ಒಡೆದ ಡಬ್ಬಿಯ ಲಕ್ಷ್ಮಿ

ಕಟಕ್ ಎಂದು ಪ್ಲಾಸ್ಟಿಕ್ ಸೀಳಿದ ಸದ್ದಿಗೆ ಅಡುಗೆಮನೆಯಲ್ಲಿದ್ದ ಮೈತ್ರೇಯಿ ಬೆಚ್ಚಿದಳು. ಈ ಮನೆಯಲ್ಲಿ ಎಂದೂ ಕೇಳದ ಸದ್ದು ಅದು.

ಬಾಗಿಲ ಸಂದಿಯಿಂದ ಇಣುಕಿದಳು. ಗಂಡ ಪುರಂದರ ನಾಣ್ಯದ ಡಬ್ಬಿಯೊಂದರ ಅಂಚನ್ನು ಗರಗಸದಿಂದ ಕೊಯ್ದು, ಇಕ್ಕಳ ಹಾಕಿ ಮೂಲೆ ಮುರಿಯುತ್ತಿದ್ದ. ಎಳೆಗೂಸಿನ ಉಗುರು ಕತ್ತರಿಸುವವನಂತೆ ಉಸಿರು ಬಿಗಿಹಿಡಿದಿದ್ದ.

ಅವನ ಹಳೆಯ ನಾಣ್ಯಗಳೆಲ್ಲ ಇಂಥ ಡಬ್ಬಿಗಳಲ್ಲೇ ಇರುತ್ತಿದ್ದವು. ಬಲ್ಲವರು ನಾಣ್ಯವನ್ನು ಪರೀಕ್ಷಿಸಿ, ಅಸಲಿ ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಮಾಡಿ ಕಳಿಸುತ್ತಿದ್ದರು. ಒಡೆದರೆ ಆ ಅಂಕಕ್ಕೆ ಅರ್ಥವಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಆಸೆಯಿಂದ ಕೇಳಿದ್ದಳು: "ಈ ಲಕ್ಷ್ಮೀನ ಒಂದೇ ಸಲ ಮುಟ್ಟಿ ನೋಡ್ಲಾ?"

"ನಿನ್ನ ಕೈ ತುಂಬ ಎಣ್ಣೆ. ದೂರದಿಂದ್ಲೇ ಕೈಮುಗಿ," ಎಂದು ನಕ್ಕಿದ್ದ.

ಇವತ್ತು ಒಡೆದದ್ದು ಅದೇ ಲಕ್ಷ್ಮಿಯ ಡಬ್ಬಿ. ತಾವರೆಯ ಮೇಲೆ ಕೂತ ಹೆಣ್ಣುಮೂರ್ತಿಯ ಬಂಗಾರದ ನಾಣ್ಯ. ರಾಜರು, ಆನೆಗಳು, ಕುದುರೆಗಳು ಇರುವ ನಾಣ್ಯಗಳು ಪೆಟ್ಟಿಗೆಯಲ್ಲಿ ಬೇಕಾದಷ್ಟಿದ್ದವು. ಅವುಗಳತ್ತ ಅವನು ತಿರುಗಿಯೂ ನೋಡಲಿಲ್ಲ.

ಇದು ಇನ್ನೊಬ್ಬಳಿಗೆಂದು ಮೈತ್ರೇಯಿಗೆ ಖಚಿತವಾಯಿತು. ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ. ಕಾರಿಮಂಗಲದ ಆಚೆಯ ಹಳ್ಳಿಯೊಂದರ ರೈತ ರಾಮಪ್ಪನ ಹೊಲದಲ್ಲಿ ಹಳೆಯ ಕಾಸು ಸಿಕ್ಕಿತೆಂದು ಪುರಂದರ ಆ ಊರಿಗೆ ಹೋಗತೊಡಗಿದ್ದ. ಕಾಸು ಸಿಗುವುದು ನಿಂತರೂ ಅವನು ಹೋಗುವುದು ನಿಲ್ಲಲಿಲ್ಲ. ಅವನ ಫೋನಿನಲ್ಲಿ ರಾಮಪ್ಪನ ಮಗಳು ರೋಜಾಳ ಫೋಟೋ ಇತ್ತು. ಹುಡುಗಿ ನಗುತ್ತಿದ್ದಳು. ಅವಳ ಬರಿ ಅಂಗೈ ಮೇಲೆ, ಯಾವ ಡಬ್ಬಿಯೂ ಇಲ್ಲದೆ, ಒಂದು ನಾಣ್ಯ.

ಆ ಸಂಜೆ ಮಹಡಿಯಲ್ಲಿ ಅವನು ಫೋನಿನಲ್ಲಿ ಪಿಸುಗುಟ್ಟುವುದು ಕೇಳಿಸಿತು. ಬಟ್ಟೆ ತೆಗೆಯಲು ಹೋದವಳು ಮೆಟ್ಟಿಲಲ್ಲೇ ನಿಂತಳು.

"ಕಾರಿಮಂಗಲದ ಪಾಪಣ್ಣ ಆಚಾರಿ ಹತ್ರ ಕೊಡ್ತೀನಿ. ನಿಮ್ಮಜ್ಜಿ ಕೇಳಿದ ಹಾಗೇನೇ, ಹಳೇ ಬಂಗಾರ, ಹೆಣ್ಣುಮೂರ್ತಿ. ಹೆಸರೂ ಕೆತ್ತಿಸ್ತೀನಿ. ಇನ್ನೇನು ಬೇಕಂತೆ ಅವ್ರಿಗೆ? ... ಶುಕ್ರವಾರ ನಾನೇ ಈಸ್ಕೊಂಡು ಬರ್ತೀನಿ ಡಾ ಕಣ್ಣು."

ಡಾ ಕಣ್ಣು! ತಮಿಳಿನಲ್ಲಿ ಮುದ್ದು ಬೇರೆ! ತನ್ನನ್ನು ಅವನು ಕರೆಯುವುದು "ಏ, ಇಲ್ಲಿ ನೋಡು" ಎಂದು.

ಊಟಕ್ಕೆ ಕೂತಾಗ ಚುಚ್ಚಿದಳು. "ಲಕ್ಷ್ಮಿ ಎಲ್ಲಿ ಓಡಿಹೋದ್ಲು? ಪೆಟ್ಟಿಗೇಲಿ ಕಾಣ್ತಿಲ್ಲ."

"ಮತ್ತೆ ಪರೀಕ್ಷೆಗೆ ಕಳಿಸ್ದೆ," ಎಂದ ಪುರಂದರ. "ನಿಂಗೂ ಮನೇಲೇ ಕೂತು ತಲೆ ಕೆಟ್ಟಿದೆ. ಭಾನುವಾರ ಹೊಗೇನಕಲ್‌ಗೆ ಹೋಗೋಣ. ತೆಪ್ಪದಲ್ಲಿ ಸುತ್ತಾಡಿಸ್ತೀನಿ."

"ನಂಗೆ ಈಜು ಬರಲ್ಲ."

"ನಾನಿದೀನಲ್ಲ."

ತಪ್ಪು ಮಾಡಿದವನ ಮುದ್ದು ಇದು ಎಂದು ಮೈತ್ರೇಯಿಗೆ ಗೊತ್ತಾಯಿತು. ಆದರೆ ಪುರಾವೆ ಇಲ್ಲದೆ ಬಾಯಿ ತೆರೆದರೆ ಅವನು ನೆಂಟರ ಮುಂದೆಲ್ಲ ಅವಳನ್ನು ಸಂಶಯದ ಪಿಶಾಚಿ ಎಂದು ಆಡಿಕೊಳ್ಳುವವನೇ. ಆಭರಣದ ಮೇಲೆ ಕೆತ್ತಿದ ರೋಜಾಳ ಹೆಸರನ್ನು ಕಣ್ಣಾರೆ ನೋಡಬೇಕು. ಫೋಟೋ ಹಿಡಿಯಬೇಕು. ಆಮೇಲೆ ಈ ಸಂಸಾರ ಉಳಿದರೆ ಉಳಿಯಲಿ.

ಗುರುವಾರ ಅವನು ಕೆಲಸಕ್ಕೆ ಹೋದದ್ದೇ ತಡ, ಸೇಲಂನಿಂದ ಧರ್ಮಪುರಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು. ಕಾರಿಮಂಗಲದಲ್ಲಿ ಅಕ್ಕಸಾಲಿಗ ಪಾಪಣ್ಣ ಆಚಾರಿಯ ಅಂಗಡಿ ತೋರಿಸದವರಿಲ್ಲ. ಮುದುಕ ಊದುಕೊಳವೆ ಪಕ್ಕಕ್ಕಿಟ್ಟು ಕನ್ನಡಕ ಏರಿಸಿದ.

"ಸೇಲಂ ಪುರಂದರ ಅವರು ಕೊಟ್ಟ ಲಕ್ಷ್ಮಿ ಕಾಸು ನೋಡಬೇಕಿತ್ತು," ಎಂದಳು.

"ವಾಂಗಮ್ಮ, ಬನ್ನಿ, ಕೂತ್ಕಳಿ. ಅದನ್ನ ಕುತ್ತಿಗೆಗೆ ಆಕ್ಕಳೋ ಎಣ್ಮಗಳು ನೀವೇನಾ?"

ಅಲ್ಲವೆಂದರೆ ತೋರಿಸಲಾರ. "ಹೌದು, ನಾನೇ," ಎಂದು ಬಿಟ್ಟಳು ಮೈತ್ರೇಯಿ. ಸವತಿಯ ವೇಷ ತೊಟ್ಟದ್ದಕ್ಕೆ ಮೈಯೆಲ್ಲ ಉರಿಯಿತು.

"ಅಂಗಾರೆ ನೋಡ್ಕಳಿ, ನಿಮ್ದೇ ತಾನೆ. ಕೆಲ್ಸ ಮುಗ್ದೈತೆ." ಆಚಾರಿ ಕೆಂಪು ಕಾಗದ ಬಿಚ್ಚಿದ. ನಾಣ್ಯಕ್ಕೆ ಬಂಗಾರದ ಕಟ್ಟು, ಮೇಲೆ ಕೊಂಡಿ. ಮೊದಲ ಸಲ ಅವಳ ಬೆರಳು ಆ ಲಕ್ಷ್ಮಿಯನ್ನು ಮುಟ್ಟಿತು. ತಣ್ಣಗಿತ್ತು. "ಎಸ್ರು ಇಂದ್ಗಡೆ ತಗಡಲ್ಲಿ ಐತೆ," ಎಂದ ಆಚಾರಿ.

ಫೋನ್ ಸಿದ್ಧವಾಗಿ ಹಿಡಿದು ತಿರುಗಿಸಿದಳು.

ಮೈತ್ರೇಯಿ.

ಮತ್ತೊಮ್ಮೆ ಓದಿದಳು. ತನ್ನದೇ ಹೆಸರು, ದುಂಡನೆಯ ಅಕ್ಷರದಲ್ಲಿ. ಫೋನ್ ಮಡಿಲಿಗೆ ಜಾರಿತು. ಮುಟ್ಟಬೇಡ ಎಂದಿದ್ದನ್ನು ಒಡೆದು ತೆಗೆದು, ತನ್ನ ಹೆಸರು ಕೆತ್ತಿಸಿ, ಅಚ್ಚರಿಗೊಳಿಸಲೆಂದು ಗುಟ್ಟು ಮಾಡಿದ್ದನೇ? ಇಂಥವನನ್ನು ಏನೆಲ್ಲ ಅಂದುಕೊಂಡೆ! ಸೆರಗಿನಿಂದ ಒರೆಸಿದಷ್ಟೂ ಕಣ್ಣು ತುಂಬಿಕೊಳ್ಳುತ್ತಿತ್ತು. ಭಾನುವಾರ ಅವನ ಜೊತೆ ನಗುನಗುತ್ತ ಹೋಗಬೇಕು ಎಂದುಕೊಂಡಳು.

ಆಚಾರಿಗೆ ಅಯ್ಯೋ ಅನ್ನಿಸಿತು. "ಅಳಬ್ಯಾಡಿ ತಾಯಿ. ನಿಮ್ ಅಜ್ಜಿ ಏಳಿದ್ದು ಸರಿಯಾಗೇ ಐತೆ. ನಮ್ ಕಡೆ ಎಲ್ಲಾ ಸವತಿ ತಾಳಿ ಕಟ್ಟೇ ಎರಡ್ನೇ ಎಂಡ್ತೀನ ಮನೆ ತುಂಬಿಸ್ಕಳೋದು. ತೀರ್ಕಂಡ ಮೊದಲ್ನೇ ಎಂಡ್ತಿ ಎಸ್ರು ನಿಮ್ ಎದೆ ಮ್ಯಾಲಿದ್ರೆ, ಆಯಮ್ಮ ದೆವ್ವಾಗಿ ಬಂದು ನಿಮ್ಗೆ ಕಾಟ ಕೊಡಾಕಿಲ್ಲ."

ಸೆರಗು ಹಿಡಿದ ಅವಳ ಕೈ ಕೆನ್ನೆಯ ಮೇಲೆಯೇ ನಿಂತಿತು.

"ಪಾಪ, ಆ ಮೈತ್ರೇಯಮ್ಮ ಓಗಿ ಎಷ್ಟು ದಿನ ಆತಮ್ಮ?"