ಅಂಟು ನವಣೆ

ಪ್ರಿಯ ವಾಚಕ ಮಹಾಶಯರು ಚಿತ್ತವಿಟ್ಟು ಪರಾಂಬರಿಸತಕ್ಕದ್ದು: ಹಳದಿ ಮಣ್ಣಿನ ನದೀತೀರದಲ್ಲಿ, ಕಬ್ಬಿಣವೆಂಬುದನ್ನು ಯಾರೂ ಕಂಡಿರದ ಕಾಲದಲ್ಲಿ, ಒಂದು ಮಧ್ಯಾಹ್ನ ಮುದುಕ ಗುವಾನನ ಕೈಯಿಂದ ಅನ್ನದ ಒಂದು ಅಗುಳೂ ಕೆಳಗೆ ಬೀಳಲಿಲ್ಲ. ಇದನ್ನು ಮೊಟ್ಟಮೊದಲು ಗಮನಿಸಿದ್ದು ಮನೆಯ ಹಂದಿ.

ಮೂರು ವರ್ಷಗಳಿಂದ ಗುವಾನನ ಕೈ ನಡುಗುತ್ತಿತ್ತು. ನವಣೆಯ ಅನ್ನವೋ ಉದುರುದುರು. ಬಟ್ಟಲಿನಿಂದ ಬಾಯಿಗೆ ತಲುಪುವಷ್ಟರಲ್ಲಿ ಅರ್ಧಪಾಲು ನೆಲ ಸೇರುತ್ತಿತ್ತು. ತುತ್ತು ಇಡಲು ಹೋದವರ ಮೇಲೆ ಆತ ಉರಿದುಬೀಳುತ್ತಿದ್ದ. ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದ, ಮನೆಮಂದಿಯೆಲ್ಲ ಕಂಡೂ ಕಾಣದಂತಿರುತ್ತಿದ್ದರು. ಅರೆಹೊಟ್ಟೆಯಲ್ಲಿ ಏಳುವ ಮಾವನನ್ನು ನೋಡಿದಾಗಲೆಲ್ಲ ಸೊಸೆ ಯೂಮೆಯ ಕರುಳು ಚುರ್ ಎನ್ನುತ್ತಿತ್ತು. ಹಂದಿ ಮಾತ್ರ ದಿನದಿಂದ ದಿನಕ್ಕೆ ಕೊಬ್ಬುತ್ತಿತ್ತು.

ಇಂದು ಹಂದಿ ನೆಲ ಮೂಸಿತು, ಗುವಾನನ ಮುಖ ನೋಡಿತು, ಮತ್ತೆ ಮೂಸಿತು.

“ಏನು ನೋಡ್ತೀಯೋ, ಇವತ್ತು ನಿನಗೆ ಉಪವಾಸ,” ಎಂದು ಮುದುಕ ಬೆರಳು ನೆಕ್ಕಿದ. “ಯೂಮೆ, ಇನ್ನೂ ಇದ್ರೆ ಹಾಕವ್ವ. ಉಂಡೆ ಕಟ್ಟಿದ ಹಾಗೆ ಕೈಗೆ ಬರ್ತಾ ಇದೆ.”

ಅಂದು ಬೀಜದ ತೆನೆ ಆರಿಸುವ ದಿನ. ಅತ್ತೆ ಶಾಂಗಿ ಗೇಣುದ್ದದ ತೆನೆಗಳನ್ನು ಬಿತ್ತನೆಗೆಂದು ಕಟ್ಟಿ ತೂಗುಹಾಕಿ, ಬಡಕಲು ತೆನೆಗಳನ್ನು ಹಂದಿಗೆಂದು ಮೂಲೆಗೆ ಎಸೆದಿದ್ದಳು. ದಂಡವಾಗದಿರಲೆಂದು ಯೂಮೆ ಅವುಗಳಲ್ಲಿ ಕೆಂಪು ಸಿಪ್ಪೆಯ ಏಳೆಂಟನ್ನು ಆಯ್ದು, ಕುಟ್ಟಿ, ಬೇಯಿಸಿದ್ದಳು. ಅದು ನೆನಪಾದದ್ದೇ ತಡ, ಮೂಲೆಗೆ ಓಡಿದಳು. ನೆಲದಲ್ಲಿ ಏನೂ ಸಿಗದ ಹಂದಿ ಅವಳಿಗಿಂತ ಮೊದಲೇ ಅಲ್ಲಿತ್ತು. ಉಳಿದಿದ್ದ ಒಂದೇ ಒಂದು ಕೆಂಪು ತೆನೆಯನ್ನು ಅದರ ಬಾಯಿಂದ ಎಳೆದುಕೊಂಡಳು, ಅರ್ಧ ಸಿಕ್ಕಿತು. ಹತ್ತು ಕಾಳು ಸುಲಿದು, ಕಪ್ಪೆಚಿಪ್ಪಿನಲ್ಲಿ ಬೇಯಿಸಿ, ಹಿಸುಕಿ ನೋಡಿದಳು. ಬೆರಳಿಗೆ ಬೆರಳು ಅಂಟಿತು.

“ಅತ್ತೆ, ಇದನ್ನ ಬೀಜಕ್ಕೆ ಇಡೋಣ.”

“ಹಂದಿ ಎಂಜಲನ್ನ?” ಶಾಂಗಿ ತಲೆಯೆತ್ತಲಿಲ್ಲ. “ನಮ್ಮತ್ತೆ, ಅವರತ್ತೆ, ಎಲ್ಲರೂ ದಪ್ಪ ತೆನೆ ಆರಿಸಿ ಆರಿಸಿ ಬಿತ್ತಿದ್ದಕ್ಕೆ ಕಣೇ ಇವತ್ತು ಇಷ್ಟುದ್ದ ಬಂದಿರೋದು. ಇಲಿಬಾಲ ಬಿತ್ತಿ ಊರವರ ಕೈಲಿ ನಗಿಸ್ಕೋಬೇಡ.”

“ಇದು ಅಂಟುತ್ತೆ ಅತ್ತೆ.”

“ಅಂಟಿದ್ರೆ ಗಡಿಗೆ ತಿಕ್ಕೋಳು ನೀನೇ ತಾನೆ?”

ಎರಡು ಹೆಜ್ಜೆಯಾಚೆ ಮಾವ ಕುಳಿತಿದ್ದ. ಅವನೆದುರು ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯೂಮೆ ಸುಮ್ಮನೆ ಮಾವನ ಮುಂದಿನ ನೆಲದ ಮೇಲೆ ಕಣ್ಣಿಟ್ಟಳು. ಅವಳ ಕಣ್ಣಿನ ಹಿಂದೆಯೇ ಶಾಂಗಿಯ ಕಣ್ಣೂ ಅಲ್ಲಿಗೆ ಹೋಯಿತು. ಯಾರೋ ಆಗಷ್ಟೇ ಗುಡಿಸಿದಂತಿದ್ದ ಆ ನೆಲವನ್ನು ಶಾಂಗಿ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಬೀಜದ ಕಟ್ಟಿನಿಂದ ಎಲ್ಲಕ್ಕಿಂತ ದಪ್ಪನೆಯ ತೆನೆಯನ್ನು ಬಿಚ್ಚಿ ಹಂದಿಗೆ ಎಸೆದು, ಅದರ ಜಾಗದಲ್ಲಿ ಅರ್ಧ ತಿಂದ ಕೆಂಪು ತೆನೆಯನ್ನು ಕಟ್ಟಿದಳು.

“ಹೊಳೆಕಡೆ ಮೆಕ್ಕಲು ಮಣ್ಣಿಗೇ ಹಾಕು,” ಎಂದಳು ಒರಟಾಗಿ. “ಹಕ್ಕಿ ತಿಂದ್ರೆ ನಿನ್ನನ್ನೇ ಕೇಳ್ತೀನಿ.”

ಮೂರನೆಯ ಸುಗ್ಗಿಯ ಹೊತ್ತಿಗೆ ಹೊಳೆಯಂಚೆಲ್ಲ ಕೆಂಪಾಯಿತು. ನೆರೆಮನೆಯ ತೂನ್ ಬಂದಾಗ ಗುವಾನ ಅಂಗಳದ ನಟ್ಟನಡುವೆ, ದಾರಿಗೆ ಮುಖಮಾಡಿ ಉಣ್ಣುತ್ತಿದ್ದ.

“ಏನಣ್ಣ, ಅಷ್ಟು ಒಳ್ಳೆ ಮಣ್ಣಲ್ಲಿ ಬಡಕಲು ತೆನೆ ಬೆಳೆದಿದ್ದೀರಿ? ಮನೇಲಿ ಎಲ್ಲರ ಬುದ್ಧಿ ನೆಟ್ಟಗಿದೆ ತಾನೆ?”

ಗುವಾನ ನಿಧಾನವಾಗಿ ಉಂಡೆ ಕಟ್ಟಿ, ಬಾಯಿಗಿಟ್ಟು, ನುಂಗಿದ. “ಏನ್ ಮಾಡೋದಪ್ಪ, ನಮ್ಮ ಸೊಸೆಗೆ ಬಾಯಿಚಪಲ. ಇದೇ ಆಗಬೇಕು ಅಂತ ಹಟ ಹಿಡಿದು ಕೂತಳು. ಹೋಗ್ಲಿ, ಚಿಕ್ಕವಳು ಅಂತ ಒಪ್ಪಿದ್ವಿ.”

ತೂನ್ ಯೂಮೆಯತ್ತ ತಿರುಗಿದ. ಒಳಗೆ ಶಾಂಗಿಯ ಒನಕೆ ಇದ್ದಕ್ಕಿದ್ದಂತೆ ಜೋರಾಯಿತು.

“ಹೌದು ಚಿಕ್ಕಪ್ಪ,” ಎಂದಳು ಯೂಮೆ, “ನಾನು ಮಹಾ ಆಸೆಬುರುಕಿ.”

ತೂನ್ ಬಟ್ಟಲಿನಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡ, ಇನ್ನೊಂದು ಚೂರು ಕಿತ್ತ. “ನಮ್ಮನೇಲೂ ಒಬ್ಬಳು ಸೊಸೆ ಇದ್ದಾಳಲ್ಲ,” ಎಂದು ಎರಡು ತೆನೆ ಬೇಡಿ ಒಯ್ದ.

ಈಗ ಕಣಿವೆಯುದ್ದಕ್ಕೂ ಅದೇ ಬೆಳೆ. ಈ ಕಥೆಯ ನಿರೂಪಕನೂ ಅದರ ಎರಡು ಉಂಡೆಗಳನ್ನು ಎಲೆಯಲ್ಲಿ ಸುತ್ತಿ, ಗಂಟು ಕಟ್ಟಿ, ಹೊರಟು ನಿಂತಿದ್ದಾನೆ. ದಾರಿಯಲ್ಲಿ ಯಾರು ಕೇಳಿದರೂ, ಇದೆಲ್ಲ ಒಬ್ಬ ಸೊಸೆಯ ಬಾಯಿಚಪಲದಿಂದ ಆದದ್ದೆಂದೇ ಹೇಳುವುದು.