ಚಿನ್ನಿಯ ಮೇಲಿನ ಆರೋಪ

ನಮ್ಮ ಬೆಕ್ಕು ಚಿನ್ನಿಯನ್ನು ಬಿಟ್ಟು ಬಂದ ಮೇಲೆ ನನ್ನ ಉಬ್ಬಸ ನಿಂತಿತು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದರ ಹಿಂದೆಯೇ ನನ್ನ ಹಳೇ ಹತ್ತಿ ಹಾಸಿಗೆಯನ್ನೂ ಎಸೆದರಲ್ಲ, ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಇಂದಿಗೂ ಸ್ಪಿರಿಟ್ ವಾಸನೆ ಬಂದರೆ ಜಯನಗರದ ಆ ಕ್ಲಿನಿಕ್ಕಿನ ಮಧ್ಯಾಹ್ನವೇ ಎದುರು ನಿಲ್ಲುತ್ತದೆ. ಉಬ್ಬಸ ಯಾವುದರಿಂದ ಬರುತ್ತದೆ ಎಂದು ತಿಳಿಯಲು ನರ್ಸ್ ನನ್ನ ಮುಂಗೈಯನ್ನು ತಣ್ಣಗೆ ಒರೆಸಿ, ಮನೆಧೂಳು, ಜಿರಲೆ, ಬೆಕ್ಕು ಅಂತ ಒಂದೊಂದರ ಸತ್ವದ ಹನಿಯನ್ನೂ ಸಾಲಾಗಿ ಇಟ್ಟು, ಸೂಜಿಯಿಂದ ಮೆಲ್ಲಗೆ ಚುಚ್ಚಿದರು. "ಕೆರ್ಕೋಬಾರ್ದು ಪುಟ್ಟ," ಅಂದರು. ಸ್ವಲ್ಪ ಹೊತ್ತಿಗೆ ಧೂಳಿನ ಹನಿ ಬಿದ್ದ ಕಡೆ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಊದಿಕೊಂಡಿತು. ಜಿರಲೆಯದೂ ಅಷ್ಟೇ. ಬೆಕ್ಕಿನ ಜಾಗ ಮಾತ್ರ ನುಣ್ಣಗೇ ಇತ್ತು.

"ಬೆಕ್ಕಿಂದ ಏನೂ ತೊಂದ್ರೆ ಇಲ್ಲ ಸಾರ್. ಮೊದ್ಲು ಹಾಸಿಗೆ ಬದಲಾಯಿಸಿ," ಅಂದರು ಡಾಕ್ಟರು.

"ಹಂಗಾದ್ರೆ ಚಿನ್ನೀನ ಇವತ್ತೇ ಕರ್ಕೊಂಡ್ ಬರೋಣ ಅಪ್ಪ," ಅಂದೆ.

ಹಿಂದಿನ ವಾರವಷ್ಟೇ ಅಪ್ಪ, ವಾಪಸ್ ಬರುವ ದಾರಿ ಗೊತ್ತಾಗಬಾರದು ಅಂತ ಚಿನ್ನಿಯನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ದಿದ್ದರು. "ಗೊಟ್ಟಿಗೆರೆ ಫ್ರೆಂಡ್ ಮನೇಲಿ ಹಾಲು ಕುಡ್ಕೊಂಡು ಆರಾಮಾಗಿದೆ ಕಣೋ," ಅಂತ ದಿನಾ ಹೇಳುತ್ತಿದ್ದರು.

ಅಪ್ಪ ನನ್ನ ಶರ್ಟಿನ ತೋಳು ಇಳಿಸಿ ಗುಂಡಿ ಹಾಕಿದರು. ಗುಂಡಿ ಹಾಕಲು ತುಂಬಾ ಹೊತ್ತು ತೆಗೆದುಕೊಂಡರು. "ನೋಡೋಣ ಮರಿ," ಅಂದರು. ಸ್ಕೂಟರು ಗೊಟ್ಟಿಗೆರೆಗೆ ಹೋಗುವ ಬನ್ನೇರುಘಟ್ಟ ರಸ್ತೆಯ ಕಡೆ ತಿರುಗಲಿಲ್ಲ. ಅವರ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಬನಶಂಕರಿಯ ಮನೆ ಬರುವವರೆಗೂ "ಯಾವಾಗ ಹೋಗೋಣ, ಯಾವಾಗ ಹೋಗೋಣ" ಅಂತ ಕೇಳುತ್ತಲೇ ಇದ್ದೆ.

ಅಪ್ಪ, ಗೊಟ್ಟಿಗೆರೆಯ ಆ ಸ್ನೇಹಿತರ ಹೆಸರೇನು?