ಏಳು ಮಂದಿಯ ಪ್ರವಾಸ

ಬೀರವ್ವನ ಹತ್ತಿರ ಇನ್ನೊಂದು ಫೋನು ಇದೆ ಎಂಬುದು ಉಳವಪ್ಪನಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಕಾರವಾರದ ಕಡಲದಂಡೆಯ ಹೆಂಗಸರ ಸ್ನಾನದ ಕೋಣೆಯಲ್ಲಿ ಮುಕ್ಕಾಲು ತಾಸು ಯಾರು ಇರುತ್ತಾರೆ?

ಆತ ಹೊರಗೆ ಬಿಸಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಮುಂಡರಗಿ ತಾಲೂಕಿನ ಅವನ ಪಂಚಾಯಿತಿಯಲ್ಲಿ ಸದಸ್ಯರು ಹದಿಮೂರು. ಏಳು ಮಂದಿ ಅವನ ಕಡೆ: ಅವನೂ ಸೇರಿ ಮೂವರು ಗಂಡಸರು, ನಾಲ್ವರು ಹೆಂಗಸರು. ಆರು ಮಂದಿ ಮುತ್ತಣ್ಣನ ಕಡೆ: ಮೂವರು ಗಂಡಸರು, ಮೂವರು ಹೆಂಗಸರು. ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ ಮೀಸಲು. ಉಳವಪ್ಪ ತನ್ನ ಕಡೆಯ ನಾಲ್ವರಲ್ಲಿ ಒಬ್ಬಳಾದ ಹೆಂಡತಿ ಶೇಖವ್ವನನ್ನು ನಿಲ್ಲಿಸಿದ್ದ, ಮುತ್ತಣ್ಣ ತನ್ನ ಕಡೆಯ ಅಲ್ಮಾಸಬಿಯನ್ನು. ಒಂದು ವೋಟು ಜಾರಿದರೆ ಕುರ್ಚಿ ಕೈಬಿಟ್ಟಂತೆಯೇ. ಅದಕ್ಕೇ ತನ್ನವರನ್ನೆಲ್ಲ ಟೆಂಪೋದಲ್ಲಿ ತುಂಬಿ, ಫೋನುಗಳನ್ನು ಕಸಿದು ಚೀಲಕ್ಕೆ ಹಾಕಿ, ಪ್ರವಾಸ ಎಂದು ಹೆಸರಿಟ್ಟು ಕರೆತಂದಿದ್ದ.

ಗುರುವಾರದ ಮತದಾನ, ಅಧಿಕಾರಿ ಕಾಯಿಲೆ ಬಿದ್ದು ಸೋಮವಾರಕ್ಕೆ ಹೋಯಿತು. ನಾಲ್ಕು ದಿನ ಹೆಚ್ಚಾದವು. ಖಾಲಿ ಕೂತ ಸದಸ್ಯನ ತಲೆ ಕೆಡುತ್ತದೆ ಎಂಬುದು ಉಳವಪ್ಪನ ಅನುಭವ. ಹೇಗಾದರೂ ದಿನ ತುಂಬಿಸಬೇಕು.

ಕೋಣೆಯೊಳಗಿಂದ ನಗೆ ಕೇಳಿಸಿತು. ಮುಂಡರಗಿಯದೇ ಮಾತು. ನಾಲ್ವರು ಹೆಂಗಸರು ಇಷ್ಟು ಗದ್ದಲ ಮಾಡಬಲ್ಲರೆಂದು ಆತ ಎಣಿಸಿರಲಿಲ್ಲ.

ಬೀರವ್ವ ಹೊರಬಂದಳು. ಕುರಿ ಕಾಯ್ದು ಬಿಸಿಲಿಗೆ ಗಟ್ಟಿಯಾದ ಅರವತ್ತರ ಹೆಣ್ಣು. ಕಂಕುಳಲ್ಲಿ ಗಂಟು.

"ಒಳಗ ಯಾರ ಜೋಡಿ ಮಾತಬೇ ಇಷ್ಟೊತ್ತು?"

"ಹೆಣ್ಮಕ್ಕಳ ಜೋಡಿರಿ, ಗೌಡ್ರ. ಗಂಡಸರನ್ನ ಬಿಡಂಗಿಲ್ಲಂತ ಬೋರ್ಡ್ ಐತಲ್ಲ?"

"ಫೋನು ತಗಿ."

"ಇದ್ರ ಕೊಡ್ತಿದ್ನಿ. ನನ್ನ ಹಂತ್ಯಾಕ ಇರೂದು ಒಂದು ವೋಟು. ಅದು ನಿಮ್ಮ ಚೀಲದಾಗ ಹಿಡ್ಯಂಗಿಲ್ಲ."

ಹಿಂದಿದ್ದ ಅವನ ಕಡೆಯ ಸದಸ್ಯ ಹುಚ್ಚಪ್ಪ ನಕ್ಕ. ಉಳವಪ್ಪ ನಗಲಿಲ್ಲ. ಬೀರವ್ವನ ಹಿಂದೆಯೇ ಹೊರಬಂದ ಹೆಂಡತಿಗೆ ಗಂಟು ಬಿಚ್ಚಿ ನೋಡಲು ಸನ್ನೆ ಮಾಡಿದ. ಶೇಖವ್ವ ಬಿಚ್ಚಿದಳು, ನೋಡಿದಳು, ಕಟ್ಟಿದಳು.

"ಫೋನಿಲ್ಲರಿ. ಹಸಿ ಸೀರಿ, ನಾಕು ರೊಟ್ಟಿ."

"ಮತ್ತ ಒಳಗೇನು ನಡದಿತ್ತು?"

"ಮನಿ ಮಾತುರಿ. ನೀವು ಕೇಳೂವಂಥಾದ್ದು ಏನಿಲ್ಲ."

ಹೆಂಡತಿಯ ಮಾತು ಅವನಿಗೆ ಸಾಕಾಯಿತು. ಸಂಜೆ ಮರಳಿನ ಮೇಲೆ ಅವಳಿಂದ ಸಹಿ ಬರೆಸಿದ. ಆತ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅವಳು ಎಸ್ಸೆಸ್ಸೆಲ್ಸಿ ಪಾಸು.

"ಸಹಿ ಝಟಪಟ ಬಂದ್ರ ಸಾಕು. ಉಳಿದದ್ದು ನಾ ನೋಡ್ಕೋತೀನಿ."

"ಹೂಂರಿ," ಎಂದಳು ಶೇಖವ್ವ. ತೆರೆ ಬಂದು ಸಹಿಯನ್ನು ಅಳಿಸಿತು.

ಅಷ್ಟರಲ್ಲಿ ಅವನ ಕಡೆಯ ಮೂರನೇ ಗಂಡಸು ನಬಿಸಾಬ ಚಹಾದಂಗಡಿಯಿಂದ ಸುದ್ದಿ ತಂದ. "ಅಣ್ಣಾ, ಮುತ್ತಣ್ಣನ ಮಂದಿ ಗೋವಾದಾಗ ಅದಾರಂತ. ಪಕ್ಕಾ ಖಬರ."

ಗೋವಾ ಗಡಿ ಅಲ್ಲಿಂದ ಅರ್ಧ ತಾಸು. ಆದರೂ ಅದು ಬೇರೆ ರಾಜ್ಯ. ಉಳವಪ್ಪ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ.

ಮರುದಿನ ಅಣಶಿ ರಾಷ್ಟ್ರೀಯ ಉದ್ಯಾನ. ಹುಲಿ ಕಾಣಲಿಲ್ಲ. ಜೊತೆಗಿದ್ದ ಅರಣ್ಯ ಕಾವಲುಗಾರ ಎತ್ತರದ ಮರದ ಪೊಟರೆಯೊಂದನ್ನು ತೋರಿಸಿದ. ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಸಣ್ಣ ಸೀಳಿನಲ್ಲಿ ಗಂಡು ಹಣ್ಣು ತಂದು ತಿನ್ನಿಸುತ್ತದೆ.

"ನೋಡ್ರಿ, ನಾನೂ ಹಿಂಗ ಸಾಕಾಕತ್ತೀನಿ ನಿಮ್ಮನ್ನ!" ಉಳವಪ್ಪ ಜೋರಾಗಿ ನಕ್ಕ.

ಬೀರವ್ವ ಕಾವಲುಗಾರನತ್ತ ತಿರುಗಿದಳು. "ಆ ಗೋಡಿ ಕಡೀಕ ಯಾರು ಒಡೀತಾರ, ತಮ್ಮಾ?"

"ಹೆಣ್ಣಕ್ಕಿನೇ, ಅಮ್ಮ. ಹೊತ್ತು ಬಂದಾಗ ಕೊಕ್ಕಿನಿಂದ ಕುಟ್ಟಿ ಹೊರಗೆ ಬರ್ತದೆ."

ಹೆಂಗಸರು ನಾಲ್ವರೂ ಆ ಪೊಟರೆಯನ್ನು ಬಹಳ ಹೊತ್ತು ನೋಡಿದರು. ಇಳಿಯುವಾಗ ಬೀರವ್ವ, "ನಾಳಿ ಮತ್ತ ಸಮುದ್ರಕ್ಕ ಹೋಗೂಣ್ರಿ. ಉಪ್ಪುನೀರಿಗೆ ಮೊಣಕಾಲ ಬ್ಯಾನಿ ಇಳದೈತಿ," ಎಂದಳು. ಉಳಿದ ಮೂವರೂ ಹೂಂಗುಟ್ಟಿದರು. ಉಳವಪ್ಪನಿಗೂ ಅದೇ ಬೇಕಿತ್ತು. ಶನಿವಾರವೂ ಭಾನುವಾರವೂ ಅದೇ ಕಡಲು, ಅದೇ ಕೋಣೆ, ಅದೇ ಮುಕ್ಕಾಲು ತಾಸು. ದಿನಗಳು ತುಂಬಿದವು.

ಸೋಮವಾರ ಪಂಚಾಯಿತಿ ಸಭಾಗೃಹದಲ್ಲಿ ಅಧಿಕಾರಿ ಉಮೇದುವಾರರ ಹೆಸರು ಓದಿದರು. ಶೇಖವ್ವ. ಅಲ್ಮಾಸಬಿ. ಬೀರವ್ವ.

ಉಳವಪ್ಪ ಗರಕ್ಕನೆ ತಿರುಗಿದ. "ನಂಬಿಸಿ ಕುತಗಿ ಕೊಯ್ದೆಲ್ಲಬೇ!"

"ನಾ ಮಾತು ಕೊಟ್ಟಿದ್ನೇನ್ರಿ?" ಬೀರವ್ವ ದನಿ ತಗ್ಗಿಸಲಿಲ್ಲ. "ಟೆಂಪೋ ಹತ್ತಂದ್ರಿ, ಹತ್ತೀನಿ. ಅಷ್ಟ."

ಆತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುದುಕಿಯದು ಒಂದು ವೋಟು. ತನ್ನ ಕಡೆ ಆರು, ಮುತ್ತಣ್ಣನ ಕಡೆ ಆರು. ಚೀಟಿ ಎತ್ತಬೇಕಾದೀತು. ಅದೃಷ್ಟವಿದ್ದರೆ ಕುರ್ಚಿ ಇನ್ನೂ ತನ್ನದೇ.

ಗುಪ್ತ ಮತದಾನ ಮುಗಿಯಿತು. ಅಧಿಕಾರಿ ಎರಡು ಸಲ ಎಣಿಸಿ ಓದಿದರು.

"ಅಲ್ಮಾಸಬಿ, ಮೂರು. ಶೇಖವ್ವ, ಮೂರು. ಬೀರವ್ವ, ಏಳು."

ಮುತ್ತಣ್ಣ ಎದ್ದು ನಿಂತ. ಉಳವಪ್ಪ ಅವನಿಗಿಂತ ಮೊದಲೇ ಎದ್ದಿದ್ದ. ಅಲ್ಮಾಸಬಿ ಮಾತ್ರ ಕೂತಲ್ಲೇ ಸೆರಗು ಸರಿಮಾಡಿಕೊಂಡು, ಸೋತವಳಂತೆ ಕಾಣದೆ, ಉಳವಪ್ಪನಿಗೆ ಹೇಳಿದಳು:

"ನಮ್ಮ ಗಂಡಸರು ದಿನಾ ಕುಡ್ಯಾಕ ಗೋವಾಕ್ಕ ಹೋಗೋರ್ರಿ, ಗೌಡ್ರ. ನಮ್ಮ ಮೂವರನ್ನ ಕಾರವಾರದ ದಂಡ್ಯಾಗ ಇಳಿಸಿ ಹೋಗೋರು, ಆ ಹೆಂಗಸರ ಜಳಕದ ಕೋಣಿ ಮುಂದ."

ಉಳವಪ್ಪ ಬೆರಳು ಮಡಚಿದ. ತಾನು ಒಂದು, ಹುಚ್ಚಪ್ಪ ಎರಡು, ನಬಿಸಾಬ ಮೂರು. ನಾಲ್ಕನೆಯ ಬೆರಳು ಮಡಚಲಿಲ್ಲ. ಶೇಖವ್ವನಿಗೆ ಶೇಖವ್ವನ ವೋಟೂ ಬಿದ್ದಿರಲಿಲ್ಲ.